ಸೋತ ಮೇಲೆ ಸಿಗುವ ಗೂಢಚಾರರು

ಚಿತ್ರದುರ್ಗದ ಕೋಟೆಯಲ್ಲಿ ಓಬವ್ವನ ಕಿಂಡಿಯ ಮುಂದೆ ಜನ ತಪ್ಪುವುದಿಲ್ಲ. ಇಷ್ಟು ಸಣ್ಣ ಸಂದು ಹೈದರಾಲಿಯ ಕಡೆಯವರಿಗೆ ಗೊತ್ತಾದದ್ದು ಹೇಗೆ ಎಂದು ಕೇಳಿದರೆ, ಯಾರೋ ಅದರೊಳಗೆ ನುಸುಳುವುದನ್ನು ಬೇಹಿನವರು ಕಂಡರು ಎನ್ನುತ್ತಾರೆ. ನುಸುಳಿದ್ದು ಮೊಸರು ಮಾರುವ ಹೆಂಗಸು ಎಂದು ಒಬ್ಬರು, ಅಲ್ಲ ಗಂಡಸು ಎಂದು ಇನ್ನೊಬ್ಬರು. ಅದೇ ಕೋಟೆಯ ಮದ್ದು ಬೀಸುವ ಕಲ್ಲುಗಳನ್ನು ಕಣ್ಣಾಡಿಸಿ ಮುಂದೆ ಹೋಗುವವರೇ ಹೆಚ್ಚು. ಅಷ್ಟು ದೊಡ್ಡ ಕಲ್ಲುಗಳು ದಿನಕ್ಕೆ ಎಷ್ಟು ಮದ್ದು ಬೀಸುತ್ತಿದ್ದವು, ಕಣಜದಲ್ಲಿ ಎಷ್ಟು ತಿಂಗಳ ಕಾಳಿತ್ತು, ಗೋಪಾಲಸ್ವಾಮಿ ಹೊಂಡದ ನೀರು ಎಷ್ಟು ಜನಕ್ಕೆ ಸಾಲುತ್ತಿತ್ತು ಎಂಬ ಪ್ರಶ್ನೆಗಳಿಗೆ ಕಥೆಯ ರುಚಿ ಇಲ್ಲ.

1777ರಲ್ಲಿ ಹೈದರನಿಗೆ ದಕ್ಕದ ದುರ್ಗ 1779ರಲ್ಲಿ ಬಿತ್ತು. ಒಳಗಿನವರ ದ್ರೋಹದಿಂದ ಬಿತ್ತು ಎಂಬುದು ಗೆಜೆಟಿಯರ್‌ನಲ್ಲೂ ಇದೆ, ಜನರ ಬಾಯಲ್ಲೂ ಇದೆ. ದ್ರೋಹ ನಡೆದಿತ್ತು ಎಂದೇ ಇಟ್ಟುಕೊಳ್ಳೋಣ. ಆ ಮಾತು ಮಾಡುವ ಒಂದು ಕೆಲಸವನ್ನು ಮಾತ್ರ ಗಮನಿಸಬೇಕು. ದ್ರೋಹಿಯ ಹೆಸರು ಬಂದ ಕೂಡಲೇ ಅರಸನ ಲೆಕ್ಕಪತ್ರ ಯಾರೂ ಕೇಳುವುದಿಲ್ಲ. ಮದಕರಿ ನಾಯಕನ ಮೇಲಿನ ಪ್ರೀತಿ ದುರ್ಗದಲ್ಲಿ ಇವತ್ತಿಗೂ ಮಾಸಿಲ್ಲ, ಮಾಸಬೇಕಾದ್ದೂ ಇಲ್ಲ. ಅಲ್ಲಿ ಯುದ್ಧ ಕೋಟೆಯೊಂದಿಗೇ ಮುಗಿದಿತ್ತು. ಯುದ್ಧ ಇನ್ನೂ ನಡೆಯುತ್ತಿರುವಾಗ ಆಳುವವರೇ ದ್ರೋಹದ ಕಥೆ ಹೇಳತೊಡಗಿದರೆ ಏನಾಗುತ್ತದೆ ಎಂಬುದಕ್ಕೆ 1915ರ ರಷ್ಯಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗಲಾರದು.

ಸೆರ್ಗೆಯ್ ಮ್ಯಾಸೊಯೆದೊವ್ ರಷ್ಯ ಮತ್ತು ಜರ್ಮನಿಯ ಗಡಿಯಲ್ಲಿದ್ದ ವೆರ್ಝ್‌ಬೊಲೊವೊ ರೈಲು ನಿಲ್ದಾಣದಲ್ಲಿ ವರ್ಷಗಟ್ಟಲೆ ಪೊಲೀಸ್ ಅಧಿಕಾರಿಯಾಗಿದ್ದವನು. ಗಡಿ ದಾಟುವ ದೊಡ್ಡವರೆಲ್ಲ ಅವನಿಗೆ ಪರಿಚಿತರು. ಜರ್ಮನಿಯ ಕೈಸರ್ ಕೂಡ ಹತ್ತಿರದ ತನ್ನ ಬೇಟೆ ಬಂಗಲೆಗೆ ಅವನನ್ನು ಕರೆದದ್ದುಂಟು. ಆಗ ಅದು ಹೆಮ್ಮೆಯ ಸಂಗತಿ, ಮುಂದೆ ಅದೇ ಸಾಕ್ಷಿಯಾಯಿತು. 1907ರಲ್ಲಿ ಅವನು ಕೋರ್ಟಿನಲ್ಲಿ ಗುಪ್ತ ಪೊಲೀಸರಿಗೇ ಮುಜುಗರವಾಗುವಂತೆ ಸಾಕ್ಷಿ ಹೇಳಿ ಕೆಲಸ ಕಳೆದುಕೊಂಡ. ಆಮೇಲೆ ಯುದ್ಧಮಂತ್ರಿ ಸುಖೊಮ್ಲಿನೊವ್ ಮನೆತನದ ಸ್ನೇಹ ಬೆಳೆಸಿ, 1911ರಲ್ಲಿ ಮತ್ತೆ ನೌಕರಿ ಹಿಡಿದ. ಮಂತ್ರಿಗೆ ಹಗೆಗಳು ಬಹಳ. ಮಂತ್ರಿಯನ್ನು ಹೊಡೆಯಲಾಗದವರು ಮಂತ್ರಿಯ ಆಳನ್ನು ಹೊಡೆಯುವುದು ಎಲ್ಲ ರಾಜಧಾನಿಗಳಲ್ಲೂ ಇರುವ ಪದ್ಧತಿ. 1912ರಲ್ಲಿ ಅಲೆಕ್ಸಾಂಡರ್ ಗುಚ್ಕೊವ್ ಎಂಬ ದೊಡ್ಡ ರಾಜಕಾರಣಿ ಮ್ಯಾಸೊಯೆದೊವ್‌ನನ್ನು ಬೇಹುಗಾರನೆಂದ. ಇಬ್ಬರೂ ಪಿಸ್ತೂಲು ಹಿಡಿದು ದ್ವಂದ್ವಕ್ಕೂ ನಿಂತರು. ಒಬ್ಬನ ಗುಂಡು ಗುರಿ ತಪ್ಪಿತು, ಇನ್ನೊಬ್ಬ ಆಕಾಶಕ್ಕೆ ಹಾರಿಸಿದ. ತನಿಖೆಯಲ್ಲಿ ಏನೂ ಸಿಗಲಿಲ್ಲ, ಆದರೆ ಹೆಸರಿಗೆ ಮಸಿ ಅಂಟಿತು.

1914ರ ಆಗಸ್ಟ್ ಕೊನೆಯಲ್ಲಿ ಟ್ಯಾನೆನ್‌ಬರ್ಗ್‌ನಲ್ಲಿ ರಷ್ಯದ ಎರಡನೆಯ ಸೇನೆ ನಾಶವಾಯಿತು. ಸುಮಾರು 92,000 ಸೈನಿಕರು ಸೆರೆಸಿಕ್ಕರು, ಸೇನಾಪತಿ ಸ್ಯಾಮ್ಸೊನೊವ್ ತನಗೇ ಗುಂಡು ಹಾರಿಸಿಕೊಂಡ. ಇಲ್ಲಿ ಜರ್ಮನರಿಗೆ ಗೂಢಚಾರನೇ ಬೇಕಿರಲಿಲ್ಲ. ರಷ್ಯದ ದಳಗಳು ನಾಳೆ ಎಲ್ಲಿಗೆ ಹೊರಡಬೇಕೆಂಬ ಆದೇಶವನ್ನು ಸಂಕೇತಲಿಪಿಗೆ ಇಳಿಸದೆ ನೇರವಾಗಿ ರೇಡಿಯೊದಲ್ಲಿ ಕಳಿಸುತ್ತಿದ್ದವು. ಸಂಕೇತದ ಕೀಲಿ ಎಲ್ಲ ದಳಗಳಿಗೂ ತಲುಪಿರಲಿಲ್ಲ, ಟೆಲಿಗ್ರಾಫ್ ತಂತಿಯೂ ಸಾಲದು. ಜರ್ಮನ್ ನಿಲ್ದಾಣಗಳು ಕೂತಲ್ಲೇ ಕೇಳಿಸಿಕೊಂಡವು.

ಮುಂದಿನ ಪೆಟ್ಟು 1915ರ ಫೆಬ್ರವರಿಯದು. ಮಜೂರಿಯ ಸರೋವರಗಳ ಪ್ರದೇಶದಲ್ಲಿ ಹಿಮದ ನಡುವೆ ನುಗ್ಗಿದ ಜರ್ಮನರು ರಷ್ಯದ ಹತ್ತನೆಯ ಸೇನೆಯ ಒಂದು ಇಡೀ ಕೋರ್ ಅನ್ನು, ಅಂದರೆ ಹಲವು ಡಿವಿಷನ್‌ಗಳ ದೊಡ್ಡ ಪಡೆಯನ್ನು, ಔಗುಸ್ತೊವ್ ಕಾಡಿನಲ್ಲಿ ಸುತ್ತುವರಿದು ಹಿಡಿದರು. ಮ್ಯಾಸೊಯೆದೊವ್ ಅದೇ ಸೇನೆಯಲ್ಲಿ ಸೆರೆಯಾಳುಗಳ ಮಾತು ತರ್ಜುಮೆ ಮಾಡುವ ಮತ್ತು ಸುದ್ದಿ ಕಲೆಹಾಕುವ ಕೆಲಸದಲ್ಲಿದ್ದ. ಅಷ್ಟರಲ್ಲಾಗಲೇ ಕೊಲಕೊವ್‌ಸ್ಕಿ ಎಂಬ ಕಿರಿಯ ಅಧಿಕಾರಿ ಜರ್ಮನಿಯ ಸೆರೆಯಿಂದ ಹಿಂದಿರುಗಿದ್ದ. ಬೇಹುಗಾರನಾಗುತ್ತೇನೆಂದು ಜರ್ಮನರನ್ನು ನಂಬಿಸಿ ಬಿಡಿಸಿಕೊಂಡು ಬಂದೆ ಎಂಬುದು ಅವನ ಹೇಳಿಕೆ. ಮೊದಲ ಹೇಳಿಕೆಯಲ್ಲಿ ಮ್ಯಾಸೊಯೆದೊವ್ ಹೆಸರಿಲ್ಲ, ಮುಂದಿನ ಹೇಳಿಕೆಯಲ್ಲಿ ಇದೆ. ನಿನ್ನೆ ಮೊನ್ನೆ ಒಪ್ಪಿಕೊಂಡ ಸೆರೆಯಾಳಿಗೆ ಯಾವ ಗುಪ್ತಚರ ಸಂಸ್ಥೆಯೂ ತನ್ನ ಅತಿ ಮುಖ್ಯ ಏಜೆಂಟನ ಹೆಸರು ಹೇಳಿ ಕಳಿಸುವುದಿಲ್ಲ. ಇಷ್ಟು ಸರಳ ಅನುಮಾನವನ್ನೂ ಅಂದು ಯಾರೂ ಮುಂದೊತ್ತಲಿಲ್ಲ. ಸೋಲಿಗೆ ಒಂದು ಮುಖ ಬೇಕಾಗಿತ್ತು.

ರಷ್ಯದ ಹಳೆಯ ಪಂಚಾಂಗದ ಪ್ರಕಾರ 1915ರ ಮಾರ್ಚ್ 18ರಂದು ವಾರ್ಸಾ ಕೋಟೆಯಲ್ಲಿ ಸೈನಿಕ ನ್ಯಾಯಾಲಯ ಕೂತಿತು. ವಕೀಲರಿಲ್ಲ, ಮೇಲ್ಮನವಿಯಿಲ್ಲ. ಪೂರ್ವ ಪ್ರಷ್ಯದ ಮನೆಗಳಿಂದ ಸಾಮಾನು ದೋಚಿದ್ದೂ ಆರೋಪಗಳಲ್ಲಿ ಸೇರಿತ್ತು. ತೀರ್ಪು ಬಂದು ಕೆಲವೇ ಗಂಟೆಗಳಲ್ಲಿ ನೇಣು. ಅವನ ಹೆಂಡತಿಯನ್ನೂ ಪರಿಚಯಸ್ಥರನ್ನೂ ಹಿಡಿದರು, ಕೆಲವರನ್ನು ಅದೇ ವರ್ಷ ಗಲ್ಲಿಗೇರಿಸಿದರು. ಅವನು ಬೇಹುಗಾರನಾಗಿದ್ದ ಎಂಬುದನ್ನು ಜರ್ಮನಿಯ ಕಡೆಯ ದಾಖಲೆಗಳು ಎತ್ತಿಹಿಡಿದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದು ಇದಕ್ಕೇ.

ಬರೆ ಹಾಕಿದರೂ ಎತ್ತಿನ ಜ್ವರ ಇಳಿಯಲಿಲ್ಲ. ನೇಣಿಗೆ ಹಾಕಿ ಒಂದೆರಡು ತಿಂಗಳಲ್ಲೇ ರಷ್ಯದ ಸೇನೆಯ ಮಹಾ ಹಿಂದೆಗೆತ ಶುರುವಾಗಿ, ಬೇಸಿಗೆ ಮುಗಿಯುವುದರೊಳಗೆ ವಾರ್ಸಾ ಪಟ್ಟಣವೇ ಕೈಬಿಟ್ಟಿತು. ಫಿರಂಗಿಗೆ ದಿನಕ್ಕೆ ಬೆರಳೆಣಿಕೆಯ ಗುಂಡು. ಬಂದೂಕಿಲ್ಲದೆ ನಿಂತು, ಮುಂದಿನವನು ಬಿದ್ದರೆ ಅವನದನ್ನು ಎತ್ತಿಕೊಳ್ಳಬೇಕಾದ ಕಾಲಾಳುಗಳು. ಗೂಢಚಾರ ಸತ್ತ ಮೇಲೂ ಸೋಲುತ್ತಿದ್ದೇವಲ್ಲ, ಹಾಗಾದರೆ ಇನ್ನೂ ಮೇಲೆ ಯಾರೋ ಇದ್ದಾರೆ ಎಂದು ಜನ ಲೆಕ್ಕ ಹಾಕಿದರು. ಸರ್ಕಾರವೇ ಕಲಿಸಿಕೊಟ್ಟ ಲೆಕ್ಕ ಅದು. ಮೇ ತಿಂಗಳಲ್ಲಿ ಮಾಸ್ಕೊದಲ್ಲಿ ಜರ್ಮನ್ ಹೆಸರಿನ ಅಂಗಡಿಗಳನ್ನು ಸುಟ್ಟರು. ಗಡಿ ಪ್ರದೇಶದ ಯಹೂದಿಗಳನ್ನು ಸೇನೆಯೇ ಬೇಹುಗಾರರೆಂದು ಊರು ಬಿಡಿಸಿ ಅಟ್ಟಿತು. ಜೂನ್‌ನಲ್ಲಿ ಸುಖೊಮ್ಲಿನೊವ್ ಪದಚ್ಯುತನಾದ, ಮರುವರ್ಷ ಸೆರೆಮನೆ ಸೇರಿದ. ಇಷ್ಟಾದರೂ ಮೆಟ್ಟಿಲು ಮುಗಿಯಲಿಲ್ಲ. ಮಂತ್ರಿಯ ಮೇಲೆ ಉಳಿದಿದ್ದು ಅರಮನೆ. ಜರ್ಮನಿಯಲ್ಲಿ ಹುಟ್ಟಿದ ರಾಣಿ ಅಲೆಕ್ಸಾಂಡ್ರಳನ್ನು 'ಆ ಜರ್ಮನ್ ಹೆಂಗಸು' ಎಂದು ಸೈನಿಕರೂ ಕರೆಯತೊಡಗಿದರು.

1916ರ ನವೆಂಬರ್‌ನಲ್ಲಿ ಉದಾರವಾದಿ ನಾಯಕ ಪಾವೆಲ್ ಮಿಲ್ಯುಕೊವ್ ರಷ್ಯದ ಸಂಸತ್ತು ಡೂಮಾದಲ್ಲಿ ಸರ್ಕಾರದ ತಪ್ಪುಗಳನ್ನು ಒಂದೊಂದಾಗಿ ಎಣಿಸಿ, ಇದು ಮೂರ್ಖತನವೋ ದ್ರೋಹವೋ ಎಂದು ಮತ್ತೆ ಮತ್ತೆ ಕೇಳಿದ. ರಾಣಿಯನ್ನು ಕುರಿತ ಸಾಲನ್ನು ವಿಯೆನ್ನಾದ ಪತ್ರಿಕೆಯಿಂದ ಜರ್ಮನ್ ಭಾಷೆಯಲ್ಲೇ ಓದಿದ. ಪೀಠದಲ್ಲಿದ್ದವರಿಗೆ ಜರ್ಮನ್ ಬಾರದು, ತಡೆಯಲಿಲ್ಲ. ಪತ್ರಿಕೆಗಳಲ್ಲಿ ಆ ಭಾಷಣದ ಜಾಗ ಖಾಲಿ ಬಿತ್ತು. ಖಾಲಿ ಜಾಗಕ್ಕಿಂತ ದೊಡ್ಡ ಜಾಹೀರಾತು ಇನ್ನಾವುದು? ಟೈಪ್ ಮಾಡಿದ, ಕೈಯಲ್ಲಿ ಬರೆದ ಪ್ರತಿಗಳು ಕಂದಕಗಳವರೆಗೂ ಹೋದವು. ನಾಲ್ಕು ತಿಂಗಳಲ್ಲಿ ರಷ್ಯದ ದೊರೆ ಝಾರ್ ಸಿಂಹಾಸನ ಬಿಟ್ಟ. ರಾಜೀನಾಮೆ ಪತ್ರ ತರಲು ಪ್ಸ್ಕೊವ್‌ಗೆ ಹೋದ ಇಬ್ಬರಲ್ಲಿ ಒಬ್ಬ, 1912ರಲ್ಲಿ ಮೊದಲ ಕಲ್ಲು ಬೀಸಿದ್ದ ಅದೇ ಗುಚ್ಕೊವ್. ಹಳೆಯ ಆಡಳಿತದ ಮಂತ್ರಿಗಳ, ದೊಡ್ಡ ಅಧಿಕಾರಿಗಳ ಅಪರಾಧಗಳನ್ನು ತನಿಖೆ ಮಾಡಲು ಹೊಸ ಸರ್ಕಾರ ವಿಶೇಷ ಆಯೋಗವನ್ನೇ ನೇಮಿಸಿತು. ರಾಣಿ ದೇಶದ್ರೋಹ ಮಾಡಿದ್ದಕ್ಕೆ ಆಯೋಗಕ್ಕೆ ಪುರಾವೆ ಸಿಗಲಿಲ್ಲ.

ಫ್ರಾನ್ಸ್ ಮತ್ತು ಬ್ರಿಟನ್‌ಗಳೂ ಇದೇ ದಾರಿಯಲ್ಲಿ ಸ್ವಲ್ಪ ದೂರ ನಡೆದವು. 1917ರ ಏಪ್ರಿಲ್‌ನ ನಿವೆಲ್ ದಾಳಿ ಮಣ್ಣುಪಾಲಾಗಿ ಫ್ರೆಂಚ್ ಸೈನಿಕರು ದಂಗೆಯೆದ್ದ ವರ್ಷವೇ ನರ್ತಕಿ ಮಾತಾ ಹರಿ ಗುಂಡಿಗೆ ಬಲಿಯಾದದ್ದು. ಗೃಹಮಂತ್ರಿ ಮಾಲ್ವಿ ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ಟ, ಮರುವರ್ಷ 5 ವರ್ಷ ಗಡಿಪಾರಾದ. ಬ್ರಿಟನ್‌ನಲ್ಲಿ ನೌಕಾಪಡೆಯ ಮುಖ್ಯಸ್ಥ ಬ್ಯಾಟನ್‌ಬರ್ಗ್‌ನ ರಾಜಕುಮಾರ ಲೂಯಿ, ಜರ್ಮನ್ ಮೂಲದ ಒಂದೇ ಕಾರಣಕ್ಕೆ 1914ರ ಅಕ್ಟೋಬರ್‌ನಲ್ಲಿ ಹುದ್ದೆ ಬಿಡಬೇಕಾಯಿತು. ದೊರೆ ಮಾತ್ರ ಜಾಣ. ಗಾಳಿಸುದ್ದಿ ಅರಮನೆ ಮೆಟ್ಟಿಲು ಹತ್ತುವ ಮೊದಲೇ, 1917ರ ಜುಲೈ 17ರಂದು, ಮನೆತನದ ಜರ್ಮನ್ ಹೆಸರನ್ನು ತೆಗೆದು ವಿಂಡ್ಸರ್ ಎಂದು ಬದಲಿಸಿಕೊಂಡ.

ನಮ್ಮಲ್ಲಿ 1962ರ ಅಕ್ಟೋಬರ್ 20ರಿಂದ ನವೆಂಬರ್ 21ರವರೆಗೆ ನಡೆದ ಚೀನಾ ಯುದ್ಧದ ಸೋಲಿಗೆ ಕಾರಣಗಳು ಗುಟ್ಟಾಗಿರಲಿಲ್ಲ: ಬೆಟ್ಟದ ಚಳಿಗೆ ಬಟ್ಟೆಯಿಲ್ಲ, ದಾರಿಯಿಲ್ಲ, ಮುಂಚೂಣಿ ಠಾಣೆಗಳಿಗೆ ಬೆನ್ನಿಗೆ ಬಲವಿಲ್ಲ. ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಅವರ ಜತೆಗಿನ ಮನಸ್ತಾಪದಿಂದ ಕೊಡಗಿನ ಜನರಲ್ ತಿಮ್ಮಯ್ಯ 1959ರಲ್ಲೇ ರಾಜೀನಾಮೆ ಬರೆದು ಹಿಂತೆಗೆದುಕೊಂಡಿದ್ದರು. ಯುದ್ಧದ ನಡುವೆ ಮೆನನ್ ಹೊರಹೋದರು. ಆದರೆ ಬರೆ ಬಿದ್ದದ್ದು ಬೇರೆಯವರಿಗೆ. ಅಸ್ಸಾಂ, ಬಂಗಾಳ ಮುಂತಾದ ಕಡೆ ತಲೆಮಾರುಗಳಿಂದ ನೆಲೆಸಿದ್ದ ಚೀನೀ ಮೂಲದ ಸುಮಾರು 3,000 ಜನರನ್ನು ವಿಚಾರಣೆಯಿಲ್ಲದೆ ರೈಲಿನಲ್ಲಿ ತುಂಬಿ ರಾಜಸ್ಥಾನದ ದೇವಲಿ ಶಿಬಿರಕ್ಕೆ ಕಳಿಸಿದರು. ಕೆಲವರು ವರ್ಷಗಟ್ಟಲೆ ಅಲ್ಲೇ ಇದ್ದರು. ಸೋಲಿನ ಕಾರಣ ಹುಡುಕಿದ ಹೆಂಡರ್ಸನ್ ಬ್ರೂಕ್ಸ್ ಮತ್ತು ಭಗತ್ ಅವರ ವರದಿ 1963ರಲ್ಲಿ ಸಿದ್ಧವಾಯಿತು, ಸರ್ಕಾರ ಅದನ್ನು ಹೊರಗೆ ಬಿಡಲಿಲ್ಲ. 2014ರಲ್ಲಿ ಒಂದು ಭಾಗ ಸೋರಿಕೆಯಾಗಿ ಅಂತರ್ಜಾಲಕ್ಕೆ ಬಂತು. ಐವತ್ತು ವರ್ಷ ಹಳೆಯ ಯುದ್ಧದ ವರದಿಯನ್ನು ಓದುಗರು ಕಳ್ಳದಾರಿಯಲ್ಲಿ ಓದಬೇಕಾಯಿತು.

ಕಾರ್ಗಿಲ್‌ನಲ್ಲಿ ಇದು ಬದಲಾಯಿತು. ಯುದ್ಧ ಮುಗಿದ ಜುಲೈ ತಿಂಗಳಲ್ಲೇ, 1999ರಲ್ಲಿ, ಕೆ. ಸುಬ್ರಹ್ಮಣ್ಯಂ ಸಮಿತಿ ನೇಮಕವಾಯಿತು. 2000ದ ಫೆಬ್ರವರಿಯಲ್ಲಿ ವರದಿ ಸಂಸತ್ತಿನ ಮುಂದೆ ಬಂತು, ಕೆಲವು ಭಾಗಗಳನ್ನು ಮಾತ್ರ ತಡೆಹಿಡಿದರು. ನುಸುಳುಕೋರರು ಬೆಟ್ಟದ ಮೇಲೆ ಕೂತದ್ದು ಏಕೆ ಗೊತ್ತಾಗಲಿಲ್ಲ ಎಂಬುದಕ್ಕೆ ಸಮಿತಿ ದ್ರೋಹಿಯನ್ನು ಹುಡುಕಲಿಲ್ಲ. ಚಳಿಗಾಲದಲ್ಲಿ ತೆರವಾಗುವ ಕಾವಲು, ಒಂದು ಸಂಸ್ಥೆಯ ಸುಳಿವು ಇನ್ನೊಂದಕ್ಕೆ ಮುಟ್ಟದಿರುವುದು, ಪೈಲಟ್ ರಹಿತ ವಿಮಾನಗಳ ಕೊರತೆ ಇವನ್ನೆಲ್ಲ ಪಟ್ಟಿ ಮಾಡಿತು. ರಕ್ಷಣಾ ಗುಪ್ತಚರ ಸಂಸ್ಥೆ 2002ರಲ್ಲಿ ಹುಟ್ಟಿದ್ದು ಆ ಚರ್ಚೆಯಿಂದಲೇ.

ಶಾಂತಿಕಾಲದಲ್ಲೂ ಮೆಟ್ಟಿಲು ಅದೇ ಎಂಬುದಕ್ಕೆ, ರಾಕೆಟ್ಟಿನ ಗುಟ್ಟು ಹೊರದೇಶಕ್ಕೆ ಮಾರಿದರೆಂಬ ಇಸ್ರೋ ಪ್ರಕರಣ ಸಾಕ್ಷಿ. 1994ರ ಅಕ್ಟೋಬರ್‌ನಲ್ಲಿ ತಿರುವನಂತಪುರದಲ್ಲಿ ವೀಸಾ ಅವಧಿ ಮೀರಿ ಉಳಿದಿದ್ದ ಮಾಲ್ಡೀವ್ಸ್‌ನ ಮಹಿಳೆಯ ಬಂಧನದಿಂದ ಶುರು. ನವೆಂಬರ್ 30ಕ್ಕೆ ವಿಜ್ಞಾನಿ ನಂಬಿ ನಾರಾಯಣನ್ ಬಂಧನ, ಅಲ್ಲಿಂದ ಒಬ್ಬ ಹಿರಿಯ ಪೊಲೀಸ್ ಅಧಿಕಾರಿಯ ಹೆಸರು, ಆ ಅಧಿಕಾರಿಯನ್ನು ಕಾಪಾಡುತ್ತಿದ್ದಾರೆಂದು ಮುಖ್ಯಮಂತ್ರಿ ಕೆ. ಕರುಣಾಕರನ್ ಮೇಲೆ ಸ್ವಪಕ್ಷದವರ ಕೂಗು. 1995ರ ಮಾರ್ಚ್‌ನಲ್ಲಿ ಕರುಣಾಕರನ್ ಇಳಿದರು. ಮಾರಾಟವಾಯಿತೆಂದ ಕ್ರಯೋಜೆನಿಕ್ ತಂತ್ರಜ್ಞಾನ, ಅಂದರೆ ಅತಿ ತಣ್ಣನೆಯ ದ್ರವ ಇಂಧನದ ಎಂಜಿನ್ ವಿದ್ಯೆ, ಆಗ ಭಾರತದ ಕೈಗೇ ಬಂದಿರಲಿಲ್ಲ. ರಷ್ಯ ಕೊಡಬೇಕಿದ್ದುದಕ್ಕೆ ಅಮೆರಿಕ 1993ರಲ್ಲೇ ಅಡ್ಡ ಹಾಕಿತ್ತು. ದೇಶೀ ಕ್ರಯೋಜೆನಿಕ್ ಎಂಜಿನ್ನಿನ ರಾಕೆಟ್ ಯಶಸ್ವಿಯಾಗಿ ಹಾರಿದ್ದು 2014ರ ಜನವರಿಯಲ್ಲಿ. 1996ರಲ್ಲಿ ಸಿಬಿಐ ಆರೋಪ ಸುಳ್ಳೆಂದಿತು, 2018ರಲ್ಲಿ ಸುಪ್ರೀಂ ಕೋರ್ಟ್ 50 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು.

ನಿಜವಾದ ಬೇಹುಗಾರರು ಇಲ್ಲವೆಂದಲ್ಲ. 2025ರ ಮೇ ತಿಂಗಳ ಆಪರೇಷನ್ ಸಿಂಧೂರದ ಬೆನ್ನಿಗೆ ಹರಿಯಾಣ, ಪಂಜಾಬ್, ಉತ್ತರ ಪ್ರದೇಶಗಳಲ್ಲಿ ಹಲವರನ್ನು ಹಿಡಿದರು. ಅಂಥ ಸುದ್ದಿ ಓದುವಾಗ ನೋಡಬೇಕಾದ್ದು 1923ರ ಅಧಿಕೃತ ರಹಸ್ಯಗಳ ಕಾಯ್ದೆಯ ಯಾವ ಸೆಕ್ಷನ್ ಎಂಬುದನ್ನು. ಸೆಕ್ಷನ್ 3 ಬೇಹುಗಾರಿಕೆಗೆ; ಸೇನಾ ನೆಲೆಗಳಿಗೆ ಸಂಬಂಧಿಸಿದ್ದಾದರೆ 14 ವರ್ಷದವರೆಗೆ ಶಿಕ್ಷೆ. ಸೆಕ್ಷನ್ 5 ರಹಸ್ಯ ಮಾಹಿತಿಯನ್ನು ಕೊಡಬಾರದವರಿಗೆ ಕೊಟ್ಟದ್ದಕ್ಕೆ, 3 ವರ್ಷದವರೆಗೆ. ಎರಡನ್ನೂ ಪತ್ರಿಕೆಗಳು 'ಬೇಹುಗಾರಿಕೆ' ಎಂದೇ ಬರೆಯುತ್ತವೆ. ಸರ್ಕಾರದ ಅನುಮತಿಯಿಂದ ಬಂದ ದೂರು ಇಲ್ಲದೆ ನ್ಯಾಯಾಲಯ ಪ್ರಕರಣ ಕೈಗೆತ್ತಿಕೊಳ್ಳುವಂತಿಲ್ಲ ಎನ್ನುತ್ತದೆ ಸೆಕ್ಷನ್ 13. ಆದ್ದರಿಂದ ಬಂಧನದ ದಿನದ ದಪ್ಪಕ್ಷರಕ್ಕಿಂತ ಈ ದೂರು ಸಲ್ಲಿಕೆಯಾಯಿತೇ ಎಂಬುದೇ ಗಟ್ಟಿ ಸುಳಿವು. ಸೆಕ್ಷನ್ 14ರ ಪ್ರಕಾರ ವಿಚಾರಣೆಯಿಂದ ಸಾರ್ವಜನಿಕರನ್ನು ಹೊರಗಿಡಬಹುದು, ಶಿಕ್ಷೆಯನ್ನು ಮಾತ್ರ ಎಲ್ಲರೆದುರು ಹೇಳಬೇಕು. ಸಮಸ್ಯೆ ಹುಟ್ಟುವುದೇ ಇಲ್ಲಿ: ಆರೋಪ ಟಿವಿಯಲ್ಲಿ, ಪುರಾವೆ ಮುಚ್ಚಿದ ಕೋಣೆಯಲ್ಲಿ.

ಚಿತ್ರದುರ್ಗ ಜಿಲ್ಲೆಗೆ ಇದು ದೂರದ ಮಾತಲ್ಲ. ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ, ಇಸ್ರೋ, ಭಾಭಾ ಅಣು ಸಂಶೋಧನಾ ಕೇಂದ್ರಗಳಿಗೆ ಸಾವಿರಾರು ಎಕರೆ ಹೋಗಿದೆ. ದನ ಮೇಯಿಸುತ್ತಿದ್ದ ಕುದಾಪುರ, ದೊಡ್ಡಉಳ್ಳಾರ್ತಿ ಕಡೆಯ ಜನರಿಗೆ ಅದು ತಿಳಿದದ್ದು ಗೋಡೆ ಏಳತೊಡಗಿದ ಮೇಲೆ. ಪ್ರಕರಣ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ 2017ರ ಮೇ 28ರಂದು ಉದ್ಘಾಟನೆಯಾಯಿತು. ಅಲ್ಲಿ ಪರೀಕ್ಷಿಸುವುದರಲ್ಲಿ ಕಾರ್ಗಿಲ್ ಸಮಿತಿ ಕೊರತೆಯೆಂದ ಬಗೆಯ ಪೈಲಟ್ ರಹಿತ ವಿಮಾನಗಳೂ ಸೇರಿವೆ. 2019ರ ಸೆಪ್ಟೆಂಬರ್ 17ರಂದು ಅಂಥದೊಂದು ವಿಮಾನ ಜೋಡಿಚಿಕ್ಕೇನಹಳ್ಳಿ ಬಳಿ ಬಿತ್ತು. 2023ರ ಆಗಸ್ಟ್ 20ರ ಭಾನುವಾರ ಇನ್ನೊಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲಕ್ಕೆ ಬಿತ್ತು. ಚೂರುಚೂರಾದ ವಿಮಾನದ ಸುತ್ತ ಊರೇ ನೆರೆಯಿತು, ಮೊಬೈಲ್ ವಿಡಿಯೊಗಳು ಆಗಲೇ ರಾಜ್ಯವೆಲ್ಲ ಸುತ್ತಿದ್ದವು.