ಬಾಯ್ ಜುಯಿ: ತಾನು ಬರೆದ ನಿಯಮವನ್ನು ತಾನೇ ಮೀರಿದ ಕವಿ

ಚೀನಾದ ಹಳೆಯ ಕಾವ್ಯದ ಪಾಠವನ್ನು ನಾನು ಬಾಯ್ ಜುಯಿಯಿಂದಲೇ ಶುರು ಮಾಡುತ್ತೇನೆ. ಲಿ ಬಾಯ್, ದು ಫು ಹೆಸರನ್ನು ವಿದ್ಯಾರ್ಥಿಗಳು ಕೇಳಿರುತ್ತಾರೆ. ಆದರೆ ಕವಿತೆ ಯಾರಿಗಾಗಿ, ಯಾಕೆ ಅಂತ ಬಾಯ್ ಜುಯಿಯಷ್ಟು ಬಿಡಿಸಿ ಹೇಳಿದವರು ತಾಂಗ್ ರಾಜವಂಶದ ಕಾಲದಲ್ಲಿ (ಕ್ರಿ.ಶ. 618–907) ಅಪರೂಪ.

772ರಲ್ಲಿ ಹುಟ್ಟಿದ ಈತ, 800ರಲ್ಲಿ ದೊಡ್ಡ ಸರ್ಕಾರಿ ಪರೀಕ್ಷೆ ಪಾಸಾದ. 808ರಲ್ಲಿ ಸಿಕ್ಕ ಹುದ್ದೆಯ ಕೆಲಸವೇ ಚಕ್ರವರ್ತಿಯ ತಪ್ಪುಗಳನ್ನು ತೋರಿಸುವುದು. ಆ ಕೆಲಸವನ್ನು ಕವಿತೆಯಲ್ಲೂ ಮಾಡಲು ಹೊರಟ. 809ರ ಹೊತ್ತಿಗೆ ‘ಹೊಸ ಯುವೆಫು’ (ಯುವೆಫು ಅಂದರೆ ಜನಪದ ಹಾಡಿನ ಧಾಟಿಯ ಕವಿತೆ) ಎಂಬ 50 ಕವಿತೆಗಳ ಸರಣಿ ಬಂತು. ಅದರ ಮುನ್ನುಡಿ ಖಡಾಖಂಡಿತ: ಮಾತು ಸರಳವಾಗಿರಬೇಕು, ಹೇಳುವ ಸಂಗತಿ ನಿಜವಾಗಿರಬೇಕು. ಮೊದಲ ಸಾಲಿನಲ್ಲಿ ವಿಷಯ, ಕೊನೆಯಲ್ಲಿ ಕವಿಯ ಉದ್ದೇಶ. ರಾಜನಿಗಾಗಿ, ಮಂತ್ರಿಗಳಿಗಾಗಿ, ಜನರಿಗಾಗಿ ಬರೆದದ್ದು, ಸಾಹಿತ್ಯಕ್ಕಾಗಿ ಅಲ್ಲ.

ಸರಣಿಯ ಒಂದು ಕವಿತೆಯಲ್ಲಿ 88 ವರ್ಷದ ಮುದುಕನಿದ್ದಾನೆ. ನೈಋತ್ಯ ಗಡಿಯ ಯುನ್ನಾನ್ ಯುದ್ಧಕ್ಕೆ ಹೋಗುವುದನ್ನು ತಪ್ಪಿಸಿಕೊಳ್ಳಲು 24ನೇ ವಯಸ್ಸಿನಲ್ಲಿ, ರಾತ್ರಿ ಕದ್ದುಮುಚ್ಚಿ, ದೊಡ್ಡ ಕಲ್ಲಿನಿಂದ ತನ್ನ ತೋಳನ್ನೇ ಮುರಿದುಕೊಂಡವನು. ಗಾಳಿಮಳೆಯ ಚಳಿ ರಾತ್ರಿ ನೋವಿಗೆ ನಿದ್ದೆ ಬರಲ್ಲ, ಆದರೂ ಬದುಕಿದೆನಲ್ಲ ಅನ್ನುತ್ತಾನೆ. ಅಲ್ಲಿಗೆ ಸಾಕಿತ್ತು. ಕವಿ ನಿಯಮ ಪಾಲಿಸಿ, ಕೊನೆಯಲ್ಲಿ ಒಳ್ಳೆಯ ಮಂತ್ರಿ ಯಾರು, ಕೆಟ್ಟ ಮಂತ್ರಿ ಯಾರು ಅಂತ ಉಪದೇಶಕ್ಕೆ ಇಳಿಯುತ್ತಾನೆ.

‘ಇದ್ದಿಲು ಮಾರುವ ಮುದುಕ’ ಅದೇ ಸರಣಿಯದು. ಮುಖಕ್ಕೆಲ್ಲ ಬೂದಿ, ಕಪ್ಪಾದ ಹತ್ತು ಬೆರಳು, ಮೈಮೇಲೆ ತೆಳು ಬಟ್ಟೆ. ಆದರೂ ಇದ್ದಿಲಿನ ಬೆಲೆ ಬಿದ್ದೀತೆಂಬ ಚಿಂತೆಗೆ ಚಳಿ ಇನ್ನೂ ಜಾಸ್ತಿಯಾಗಲಿ ಅಂತ ಬಯಸುತ್ತಾನೆ. ರಾತ್ರಿ ಒಂದು ಅಡಿ ಹಿಮ ಬೀಳುತ್ತದೆ. ಬೆಳಿಗ್ಗೆ ಗಾಡಿ ಹೂಡಿ ಪೇಟೆಗೆ ಬರುತ್ತಾನೆ. ಅರಮನೆಯ ಇಬ್ಬರು ಕುದುರೆ ಸವಾರರು ಆಜ್ಞಾಪತ್ರ ಓದಿ ಗಾಡಿ ತಿರುಗಿಸುತ್ತಾರೆ. ಸಾವಿರ ಜಿನ್‌ಗೂ (ಜಿನ್ ಅಂದರೆ ಚೀನಾದ ತೂಕದ ಅಳತೆ) ಮೀರಿದ ಇದ್ದಿಲಿಗೆ ಬೆಲೆಯಾಗಿ ಎತ್ತಿನ ತಲೆಗೆ ಒಂದಿಷ್ಟು ರೇಷ್ಮೆ ಬಟ್ಟೆ ಸುತ್ತುತ್ತಾರೆ. ಕವಿತೆ ಮುಗಿಯಿತು. ಉದ್ದೇಶದ ಸಾಲೇ ಇಲ್ಲ! ನನ್ನ ಪ್ರಕಾರ ಇಡೀ ಸರಣಿಯಲ್ಲಿ ಇದೇ ಶ್ರೇಷ್ಠ. ನಿಯಮ ಬಿಟ್ಟ ಕಡೆಯೇ ಕವಿತೆ ಗೆದ್ದಿದೆ.

815ರಲ್ಲಿ ಮಂತ್ರಿ ವು ಯುವಾನ್‌ಹೆಂಗ್ ಕೊಲೆಯಾದಾಗ, ಕೊಲೆಗಾರರನ್ನು ಹಿಡಿಯಿರಿ ಅಂತ ಬಾಯ್ ಜುಯಿ ಎಲ್ಲರಿಗಿಂತ ಮೊದಲು ಅರ್ಜಿ ಕೊಟ್ಟ. ಅಧಿಕಾರ ಮೀರಿದೆ ಎಂದು ದೂರದ ಜಿಯಾಂಗ್‌ಝೌಗೆ ಅಟ್ಟಿದರು. ಅಲ್ಲಿಂದ ಗೆಳೆಯ ಯುವಾನ್ ಝೆನ್‌ಗೆ ಬರೆದ ದೀರ್ಘ ಪತ್ರವೇ ಅವನ ಕಾವ್ಯಶಾಸ್ತ್ರ. ಕವಿತೆಗೆ ಭಾವ ಬೇರು, ಮಾತು ಮೊಳಕೆ, ನಾದ ಹೂವು, ಅರ್ಥ ಹಣ್ಣು ಅನ್ನುತ್ತಾನೆ. ಎಷ್ಟು ಚೆಂದ, ಅಲ್ವಾ? ಆದರೆ ಅದೇ ಪತ್ರದಲ್ಲಿ, ದು ಫುವಿನ ಸಾವಿರಕ್ಕೂ ಹೆಚ್ಚು ಕವಿತೆಗಳಲ್ಲಿ ತನ್ನ ಅಳತೆಗೆ ನಿಲ್ಲುವುದು ಮೂವತ್ತು ನಲವತ್ತೇ ಅಂತಾನೆ. ಇದನ್ನು ನಾನು ಒಪ್ಪುವುದಿಲ್ಲ. ಸಮಾಜದ ತಪ್ಪು ತೋರಿಸುವುದೊಂದೇ ಕಾವ್ಯದ ಕೆಲಸ ಅಂದರೆ ಬೇರು ಅಂದುಕೊಂಡ ಭಾವಕ್ಕೇ ಜಾಗ ಕಮ್ಮಿಯಾಗುತ್ತದೆ. ತನ್ನ ‘ಶಾಶ್ವತ ದುಃಖದ ಹಾಡು’ (806) ಜನರ ಬಾಯಲ್ಲಿದೆ, ತಾನು ಮೆಚ್ಚುವ ವಿಡಂಬನೆಗಳನ್ನು ಯಾರೂ ಮೆಚ್ಚುವುದಿಲ್ಲ ಎಂಬ ಕೊರಗೂ ಅಲ್ಲಿದೆ. ಮರುವರ್ಷವೇ ಪಿಪಾ ಎಂಬ ತಂತಿವಾದ್ಯ ನುಡಿಸುವ ಹೆಂಗಸಿನ ಬಗ್ಗೆ ಬರೆದ. ಅದರಲ್ಲಿ ಯಾವ ಸುಧಾರಣೆಯೂ ಇಲ್ಲ. ಇಬ್ಬರು ನೊಂದವರು, ಒಂದು ದೋಣಿ, ಒಂದು ಸಂಗೀತ.

ಅವನ ಸರಳತೆಯನ್ನು ಸುಮ್ನೆ ಬಂದದ್ದು ಅಂತ ತಿಳಿಯಬೇಡಿ. ಅನಕ್ಷರಸ್ಥ ಅಜ್ಜಿಗೆ ಓದಿ ಹೇಳಿ, ಅವಳಿಗೆ ಅರ್ಥವಾಗುವವರೆಗೂ ತಿದ್ದುತ್ತಿದ್ದ ಎಂಬುದು ದಂತಕಥೆ. ಆದರೆ ತಾಂಗ್ ನಂತರದ ಸಾಂಗ್ ರಾಜವಂಶದ ಕಾಲದ ಕವಿ ಜಾಂಗ್ ಲೇ ಅವನ ಕರಡು ಹಾಳೆಗಳನ್ನು ನೋಡಿದ್ದನಂತೆ. ಹೊಡೆದು ಹಾಕಿ, ಮತ್ತೆ ಬರೆದು, ಮೊದಲಿದ್ದದ್ದಕ್ಕೂ ಕೊನೆಗೆ ಉಳಿದದ್ದಕ್ಕೂ ಸಂಬಂಧವೇ ಇರಲಿಲ್ಲವಂತೆ.

846ರಲ್ಲಿ ಲುವೊಯಾಂಗ್‌ನಲ್ಲಿ ತೀರಿಕೊಳ್ಳುವ ಮುಂಚೆ ತನ್ನ ಬರಹವನ್ನೆಲ್ಲ ತಾನೇ ಜೋಡಿಸಿ ಐದು ಪ್ರತಿ ಮಾಡಿಸಿದ್ದ. ಮೂರು ಬೌದ್ಧ ಮಠಗಳಿಗೆ, ಎರಡು ಮನೆಯವರಿಗೆ. ಈಗ ಸುಮಾರು 2800 ಕವಿತೆಗಳು ಉಳಿದಿವೆ. ತಾಂಗ್ ಕಾಲದ ಬೇರೆ ಯಾವ ಕವಿಯದ್ದೂ ಇಷ್ಟೊಂದು ಉಳಿದಿಲ್ಲ.