ಸ್ಟ್ಯಾಚ್ಯೂ ಜಂಕ್ಷನ್‌ಗೆ ನಮ್ಮವರು ಯಾಕೆ ಹೋಗ್ತಾರೆ?

ತಿರುವನಂತಪುರಕ್ಕೆ ಹೋದವರು ಸಾಮಾನ್ಯವಾಗಿ ಪದ್ಮನಾಭನ ದರ್ಶನ ಮಾಡಿ, ಶಂಖುಮುಖಂ ಬೀಚಲ್ಲಿ ಫೋಟೊ ತೆಗ್ದು ಬರ್ತಾರೆ. ಆದ್ರೆ ಕಾಸರಗೋಡು ಜಿಲ್ಲೆಯ ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ ಕಡೆಯ ಕೆಲವು ತಾಯಂದಿರಿಗೆ ಆ ಊರು ಹೇಳಿದ್ರೆ ಸೆಕ್ರೆಟರಿಯೇಟ್ ಎದುರಿನ ಫುಟ್‌ಪಾತ್, ಅಷ್ಟೇ.

ಬಿಳಿ ಕಂಬಗಳ ಆ ಕಟ್ಟಡ ಮುಗಿದದ್ದು 1869ರಲ್ಲಿ, ತಿರುವಾಂಕೂರಿನ ದಿವಾನ್ ಟಿ. ಮಾಧವ ರಾವ್ ಕಾಲಕ್ಕೆ. ಅವರ ಪ್ರತಿಮೆ ರಸ್ತೆಯ ಈಚೆ ನಿಂತಿರೋದ್ರಿಂದ್ಲೇ ಜಾಗಕ್ಕೆ ಸ್ಟ್ಯಾಚ್ಯೂ ಅಂತ ಹೆಸರು. ಮಲಯಾಳದ ರಾಜಧಾನಿಯ ನಟ್ಟನಡುವೆ ಮರಾಠಿ ಮನೆಮಾತಿನವರೊಬ್ಬರು ನಿಂತಿದ್ದಾರೆ, ಕನ್ನಡ ಭಾಷೆಗಾಗಿ ಅರ್ಜಿ ಹಿಡ್ಕೊಂಡು ಹೋದ ನಮಗೆ ಅದು ಸ್ವಲ್ಪ ತಮಾಷೆಯಾಗಿ ಕಾಣ್ತದೆ. 1998ರಲ್ಲಿ ವಿಧಾನಸಭೆ ಪಾಳಯಂ ಹತ್ರದ ಹೊಸ ಕಟ್ಟಡಕ್ಕೆ ಹೋಯ್ತು, ಮುಖ್ಯಮಂತ್ರಿ ಆಫೀಸು ಇಲ್ಲೇ ಉಳೀತು, ಹಾಗಾಗಿ ಧರಣಿಯವ್ರೂ ಇಲ್ಲೇ ಉಳಿದ್ರು.

ಮಂಗಳೂರಿನ ಕಲೆಕ್ಟರ್ ಆಫೀಸಿಗೆ ಬೆಳಗ್ಗೆ ಹೋಗಿ ಸಂಜೆ ಬರ್ತಿದ್ದ ಕಾಸರಗೋಡಿನವರು 1956ರ ನವೆಂಬರ್ 1ರಿಂದ ಕೇರಳದವರಾದ್ರು, 1967ರಲ್ಲಿ ಮಹಾಜನ್ ಆಯೋಗ ಚಂದ್ರಗಿರಿ ಹೊಳೆಯ ಉತ್ತರ ಭಾಗ ಮೈಸೂರಿಗೆ ಸೇರ್ಲಿ ಅಂತ ಹೇಳಿದ್ರೂ ಏನೂ ಆಗ್ಲಿಲ್ಲ, 1984ರಲ್ಲಿ ಬೇರೆ ಜಿಲ್ಲೆ ಆಯ್ತು. ದೊಡ್ಡ ಕೆಲ್ಸಕ್ಕೆ ಮಾತ್ರ 550 ಕಿಲೋಮೀಟರ್‌ಗಿಂತ ಹೆಚ್ಚು ದೂರ ಹೋಗ್ಲೇಬೇಕು.

ಈಗ ಗೇರು ತೋಟದ ವಿಷಯ. ಟೀ ಮೊಸ್ಕಿಟೊ ಅನ್ನೋ ಕೀಟ ಗೇರಿನ ಹೂವನ್ನೂ ಚಿಗುರನ್ನೂ ಒಣಗಿಸ್ತದೆ ಅಂತ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಅನ್ನೋ ಕೀಟನಾಶಕ ಹೊಡೆದ್ರು. ತೋಟ ಇರೋದು ಗುಡ್ಡದ ಮೇಲೆ, ಮನೆ ಇರೋದು ಕೆಳಗೆ, ಕುಡಿಯೋ ನೀರು ಅದೇ ಗುಡ್ಡ ಕೊರೆದ ಸುರಂಗದ್ದು. ಇಷ್ಟು ಗೊತ್ತಾಗ್ಲಿಕ್ಕೆ ವಿಜ್ಞಾನಿ ಬೇಕಾಗಿರ್ಲಿಲ್ಲ ಮಾರಾಯ್ರೆ. ಪಡ್ರೆಯ ಡಾಕ್ಟರ್ ಮೋಹನ್ ಕುಮಾರ್ ತಮ್ಮಲ್ಲಿಗೆ ಬರೋ ರೋಗಿಗಳನ್ನು ನೋಡಿ ಈ ಕಾಯಿಲೆಗಳ ಬಗ್ಗೆ ಬರೆದ್ರು, ಪೆರಿಯ ಕಡೆಯ ಲೀಲಾಕುಮಾರಿ ಅಮ್ಮ ಕೋರ್ಟಿಗೆ ಹೋದ್ರು, 2011ರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೇ ತಡೆ ಹಾಕ್ತು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ಕೊಡಿ ಅಂತ್ಲೂ ಹೇಳ್ತು. 2022ರ ಮೇಯಲ್ಲಿ ಅದೇ ಕೋರ್ಟ್ ಲೆಕ್ಕ ನೋಡುವಾಗ 3,704 ಜನರಲ್ಲಿ ಹಣ ಸಿಕ್ಕಿದ್ದು 8 ಜನಕ್ಕೆ. ಆ ಎಂಟೂ ಜನ ಕೋರ್ಟಿಗೆ ಹೋದವ್ರೇ.

2016ರಲ್ಲಿ ಸಂತ್ರಸ್ತ ಮಕ್ಕಳ ತಾಯಂದಿರು ಆ ಫುಟ್‌ಪಾತಲ್ಲಿ ಧರಣಿ ಕೂತ್ರು, 2019ರ ಜನವರಿ ಕೊನೆಗೆ ಮತ್ತೆ ಕೂತ್ರು. ಎರಡನೇ ಸಲ ನಾನೂ ಹೋಗಿದ್ದೆ. ರಾತ್ರಿಯಿಡೀ ಮಾವೇಲಿ ಎಕ್ಸ್‌ಪ್ರೆಸ್ಸು, ಬೆಳಗ್ಗೆ ತಂಪಾನೂರಲ್ಲಿ ಇಳಿದು ಪುಳಿಮೂಡು ದಾಟಿ ನಡೆದ್ರೆ ಸ್ಟ್ಯಾಚ್ಯೂ. ನಮಗದು ನಡಿಗೆ, ಹತ್ತು ವರ್ಷದ ಮಗನನ್ನು ಹೆಗಲಲ್ಲಿ ಹಾಕ್ಕೊಂಡವ್ರಿಗೆ ಅಲ್ಲ. ಮೆಡಿಕಲ್ ಕ್ಯಾಂಪ್ ಆದ್ಮೇಲೆ ಸಂತ್ರಸ್ತರ ಪಟ್ಟಿಯಿಂದ ಬಿಟ್ಟುಹೋದ ಮಕ್ಕಳ ಹೆಸರು ಸೇರಿಸಿ ಅನ್ನೋದು ಬೇಡಿಕೆ. ನನ್ನ ಹತ್ರ ಅಷ್ಟೊತ್ತು ತುಳುವಲ್ಲಿ ಮಾತಾಡ್ತಿದ್ದ ಅಕ್ಕ ಟಿವಿಯ ಮೈಕ್ ಬಂದಾಗ ಮಲಯಾಳಕ್ಕೆ ತಿರುಗಿ ಅರ್ಧದಲ್ಲೇ ನಿಲ್ಲಿಸಿದ್ರು. ಉಳಿದದ್ದನ್ನು ಪಕ್ಕದವರು ಹೇಳಿದ್ರು, ಆದ್ರೆ ಅಕ್ಕ ಹೇಳ್ಲಿಕ್ಕೆ ಹೊರಟದ್ದು ಅದಲ್ಲ. ಕೆಲವೇ ದಿನದಲ್ಲಿ ಮಾತುಕತೆ ಆಯ್ತು, ಭರವಸೆ ಸಿಕ್ತು, ಎಲ್ಲರೂ ಎದ್ರು.

2022ರ ಅಕ್ಟೋಬರಲ್ಲಿ ಎಂಬತ್ತು ದಾಟಿದ ಸಮಾಜಸೇವಕಿ ದಯಾಬಾಯಿ ಅದೇ ಜಾಗದಲ್ಲಿ ಉಪವಾಸ ಕೂತ್ರು, ಜಿಲ್ಲೆಗೆ ಸರಿಯಾದ ಆಸ್ಪತ್ರೆ ಕೊಡಿ ಅಂತ. ನಮ್ಮ ಜಿಲ್ಲೆಯ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ. 2020ರ ಲಾಕ್‌ಡೌನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಆಸ್ಪತ್ರೆ ಇಲ್ಲದ್ದರ ಬೆಲೆ ಗೊತ್ತಾಯ್ತು, ಯಾಕಂದ್ರೆ ನಮ್ಮ ಆಸ್ಪತ್ರೆಯೆಲ್ಲ ಇದ್ದದ್ದು ಗಡಿಯ ಆಚೆ, ಮಂಗಳೂರಲ್ಲಿ.

2019ರಲ್ಲಿ ವಾಪಸ್ ಬರುವಾಗ ಅದೇ ಟ್ರೈನು. ಬೆಳಗ್ಗೆ ಕಾಸರಗೋಡಲ್ಲಿ ನಾವೆಲ್ಲ ಇಳಿದ್ವಿ, ಆ ಅಕ್ಕ ಇಳೀಲಿಲ್ಲ. ಮಗನಿಗೆ ಮಂಗಳೂರಲ್ಲಿ ಡಾಕ್ಟರ್ ಅಪಾಯಿಂಟ್‌ಮೆಂಟ್ ಇತ್ತು.