ಇಂಟರ್‌ರೆಗ್ನಮ್: ಪೀಠ ಖಾಲಿಯೋ, ಅಧಿಕಾರ ಖಾಲಿಯೋ?

ಲ್ಯಾಟಿನ್ನಿನಲ್ಲಿ ‘ಇಂಟರ್’ ಅಂದರೆ ನಡುವೆ, ‘ರೆಗ್ನಮ್’ ಅಂದರೆ ಅರಸೊತ್ತಿಗೆ. ಒಬ್ಬ ಅರಸ ಹೋಗಿ ಇನ್ನೊಬ್ಬ ಬರುವವರೆಗಿನ ತೆರಪು ಇಂಟರ್‌ರೆಗ್ನಮ್. ಲ್ಯಾಟಿನ್ನಿನ ‘ರೆಕ್ಸ್’ ಮತ್ತು ಸಂಸ್ಕೃತದ ‘ರಾಜನ್’ ಒಂದೇ ಬೇರಿನವು ಎಂಬುದನ್ನು ಪಕ್ಕದಲ್ಲೇ ಬರೆದುಕೊಳ್ಳಿ.

ಪದ ಹುಟ್ಟಿದ್ದು ರೋಮಿನಲ್ಲಿ, ಅದೂ ಕಟ್ಟುನಿಟ್ಟಾದ ಒಂದು ಪದ್ಧತಿಯ ಹೆಸರಾಗಿ. ಮೊದಲ ಅರಸ ರೊಮ್ಯುಲಸ್ ನಂತರ ಒಂದು ವರ್ಷ ಸೆನೆಟರುಗಳೇ ಸರದಿಯಲ್ಲಿ ಆಳಿದರೆಂದು ಅಲ್ಲಿನ ಐತಿಹ್ಯ. ಗಣರಾಜ್ಯ ಬಂದ ಮೇಲೆ ಆಡಳಿತ ನಡೆಸುವ ಇಬ್ಬರು ಕಾನ್ಸಲ್‌ಗಳೂ ಇಲ್ಲವಾದರೆ ‘ಇಂಟರ್‌ರೆಕ್ಸ್’ ಒಬ್ಬನನ್ನು ಆರಿಸುತ್ತಿದ್ದರು. ಅವನ ಅವಧಿ ಬರೀ 5 ದಿನ. ಅಷ್ಟರಲ್ಲಿ ಚುನಾವಣೆ ಆಗದಿದ್ದರೆ ಮತ್ತೊಬ್ಬನನ್ನು ಹೆಸರಿಸಿ ಇಳಿಯಬೇಕು. ಅಂದರೆ ಮೂಲದಲ್ಲಿ ಇದು ಗೊಂದಲದ ಹೆಸರಲ್ಲ, ಗೊಂದಲ ಆಗದಂತೆ ಮಾಡಿಕೊಂಡ ಏರ್ಪಾಟು.

ಹಾಗಾಗಿ ‘ಅರಾಜಕತೆ’ ಎಂದು ಅನುವಾದಿಸಿದರೆ ಅರ್ಥ ಕೆಡುತ್ತದೆ. ಮೂಲಾರ್ಥದಲ್ಲಿ ‘ಅರಾಜಕ’ ಸರಿಯೇ: ದಶರಥ ತೀರಿಕೊಂಡಾಗ, ಅರಸನಿಲ್ಲದ ನಾಡಿನಲ್ಲಿ ಒಂದು ಹಿಡಿ ಬೀಜವನ್ನೂ ಬಿತ್ತುವುದಿಲ್ಲ ಎಂದು ಅಯೋಧ್ಯಾಕಾಂಡದಲ್ಲಿ ಬ್ರಾಹ್ಮಣರೂ ಮಂತ್ರಿಗಳೂ ವಸಿಷ್ಠರ ಮುಂದೆ ಹೇಳುತ್ತಾರೆ. ಭರತ ಬರುವ ತನಕ ದಶರಥನ ದೇಹವನ್ನು ಎಣ್ಣೆಯ ಕೊಪ್ಪರಿಗೆಯಲ್ಲಿ ಇಟ್ಟಿರುತ್ತಾರೆ. ಇಂಟರ್‌ರೆಗ್ನಮ್‌ಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕಬೇಕಿಲ್ಲ. ಆದರೆ ಇವತ್ತಿನ ಕನ್ನಡದಲ್ಲಿ ಅರಾಜಕತೆ ಎಂದರೆ ದೊಂಬಿ, ಲೂಟಿ. ‘ಅರಸನಿಲ್ಲದ ನಡುಗಾಲ’ ಎಂದು ಬರೆದರೆ ಸಾಕು.

ಯುರೋಪಿನಿಂದ ಎರಡು ಉದಾಹರಣೆ. ಇಂಗ್ಲೆಂಡಿನಲ್ಲಿ 1649ರಿಂದ 1660ರವರೆಗೆ ಅರಸನಿರಲಿಲ್ಲ, ಸರ್ಕಾರವಿತ್ತು. ತಮಾಷೆ ಎಂದರೆ, 1660ರಲ್ಲಿ ಮರಳಿದ ಎರಡನೇ ಚಾರ್ಲ್ಸ್‌ನ ಕಾಯ್ದೆಗಳಲ್ಲಿ ಆ ವರ್ಷವನ್ನು, 1649ರಿಂದಲೇ ಎಣಿಸಿ, ಅವನ ಆಳ್ವಿಕೆಯ 12ನೇ ವರ್ಷ ಎಂದು ನಮೂದಿಸಿದ್ದಾರೆ. ಕಾಗದದ ಮೇಲೆ ತೆರಪೇ ಇಲ್ಲ! ಜರ್ಮನಿಯಲ್ಲಿ 1254ರಿಂದ 1273ರವರೆಗಿನ ಕಥೆ ಇನ್ನೊಂದು ಬಗೆ. 1257ರಲ್ಲಿ ಇಬ್ಬರು ದೊರೆಗಳು ಆಯ್ಕೆಯಾಗಿದ್ದರು, ಇಬ್ಬರ ಮಾತೂ ನಡೆಯಲಿಲ್ಲ.

ನಮ್ಮ ಕಡೆಯ ಇತಿಹಾಸ ಬರೆಯುವಾಗ ಎಡವುವುದು ಇಲ್ಲೇ. ಸೋಮಶೇಖರ ನಾಯಕನ ಕೊಲೆಯ ನಂತರ ಕೆಳದಿ ಚೆನ್ನಮ್ಮ ಸ್ವತಃ ಪಟ್ಟವೇರಿ ಆಳಿದಳು. ಅದನ್ನು ನಡುಗಾಲ ಎನ್ನಬೇಡಿ. 1763ರಲ್ಲಿ ಹೈದರಾಲಿ ಬಿದನೂರು ಹಿಡಿದದ್ದು ಆಕ್ರಮಣ. ನಗರ (ಬಿದನೂರು) ಸೀಮೆಯ ರೈತರ ದಂಗೆಯ ಬೆನ್ನಿಗೇ, 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತ ವಹಿಸಿಕೊಂಡರು. 1881ರವರೆಗಿನ ಆ 50 ವರ್ಷವನ್ನು ಹಲವರು ಇಂಟರ್‌ರೆಗ್ನಮ್ ಎನ್ನುವುದುಂಟು. ಆದರೆ ಮುಮ್ಮಡಿ ಕೃಷ್ಣರಾಜ ಒಡೆಯರು 1868ರಲ್ಲಿ ತೀರಿಕೊಳ್ಳುವವರೆಗೂ ಮಹಾರಾಜರೇ. ಪೀಠ ತುಂಬಿತ್ತು, ಅಧಿಕಾರ ಕಮಿಷನರ್ ಕೈಯಲ್ಲಿತ್ತು. 1895ರಿಂದ 1902ರವರೆಗೆ ಬಾಲಕ ನಾಲ್ವಡಿಯವರ ಪರವಾಗಿ ತಾಯಿ ವಾಣಿವಿಲಾಸ ಸನ್ನಿಧಾನದವರು ಆಳಿದ್ದು ರೀಜೆನ್ಸಿ. ಅಲ್ಲೂ ಪೀಠ ಖಾಲಿ ಇರಲಿಲ್ಲ.

ತೆರಪೇ ಬೀಳದ ಹಾಗೆ ನೋಡಿಕೊಳ್ಳುವುದಕ್ಕೆ ಶೃಂಗೇರಿ ಮಠವನ್ನು ನೋಡಿ. ಸಾಮಾನ್ಯವಾಗಿ ಗುರುಗಳು ಬದುಕಿರುವಾಗಲೇ ಉತ್ತರಾಧಿಕಾರಿಗೆ ಸನ್ಯಾಸ ಕೊಡುತ್ತಾರೆ. ಈಗಿನ ಭಾರತೀತೀರ್ಥರು 2015ರಲ್ಲೇ ವಿಧುಶೇಖರ ಭಾರತಿಯವರನ್ನು ಶಿಷ್ಯರನ್ನಾಗಿ ಸ್ವೀಕರಿಸಿದ್ದಾರೆ.